ಅಳೆ ಅಂಚಿನ ಮನೆ

ಬೆಳಿಗ್ಗೆ ಏಳೂವರೆಗೆ ಕಸದ ಆಟೋ ನಾಲೆ ಏರಿಯನ್ನು ಇಳಿಯುವ ಮೊದಲೇ ಅದರ ಧ್ವನಿವರ್ಧಕ ನಮ್ಮ ಬೀದಿಗೆ ಬಂದಿರುತ್ತದೆ. ‘ಹಳೆಯ ಬಾಕಿ ಇರುವ ಮನೆ ಮಾಲೀಕರ ಗಮನಕ್ಕೆ. ಆಸ್ತಿ ತೆರಿಗೆಯನ್ನು ಈ ತಿಂಗಳೊಳಗೆ ಪಾವತಿಸಿದವರಿಗೆ ರಿಯಾಯಿತಿ ಇರುತ್ತದೆ.’ ರೆಕಾರ್ಡು ಮಾಡಿಟ್ಟ ಹೆಣ್ಣು ದನಿ, ತುಂಬ ಶುದ್ಧವಾದ ದನಿ. ‘ಹಳೆಯ’ ಎನ್ನುವಾಗ ಆ ‘ಹ’ ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟಂತೆ ಮೆಲ್ಲಗೆ ಬರುತ್ತದೆ. ನಮ್ಮ ಬೀದಿಯಲ್ಲಿ ಆ ಅಕ್ಷರವನ್ನು ಯಾರೂ ಬಳಸುವುದಿಲ್ಲ. ಹಾಲು ಆಲಾಗಿ, ಹಸು ಅಸುವಾಗಿ, ಹೂವು ಊವಾಗಿ ಬಹಳ ಕಾಲವಾಯಿತು. ಅದರಿಂದ ಯಾರಿಗೂ ಏನೂ ನಷ್ಟವಾದ ಹಾಗೆ ಅನಿಸಿರಲಿಲ್ಲ, ಈ ವರ್ಷದ ಏಪ್ರಿಲ್‌ವರೆಗೆ.

ಮಂಡ್ಯ ಪೇಟೆ ಮುಗಿದು ಕೆರಗೋಡಿನ ಬಸ್ಸು ವೇಗ ಹಿಡಿಯುವ ಜಾಗದಲ್ಲಿ ಈ ಬೀದಿ ಇದೆ. ಒಂದು ಕಡೆ ಇನ್ನೂ ಗದ್ದೆ, ಇನ್ನೊಂದು ಕಡೆ ಮೂರಂತಸ್ತಿನ ಬಾಡಿಗೆ ಮನೆಗಳು. ಅವುಗಳ ನಡುವೆ, ಎತ್ತರದವರ ಗುಂಪಿನಲ್ಲಿ ಫೋಟೋಕ್ಕೆ ನಿಂತ ಗಿಡ್ಡ ಹೆಂಗಸಿನ ಹಾಗೆ, ಮಾಯಮ್ಮನ ಹಂಚಿನ ಮನೆ.

ಮಾಯಮ್ಮನಿಗೆ ಐವತ್ತಾರು. ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುವವಳು. ಹುಟ್ಟಿದ್ದು ನಿಡಘಟ್ಟ. ಹೆದ್ದಾರಿಯ ಊರಾದ್ದರಿಂದ, ಓಡುವ ಬಸ್ಸಿನ ಕಿಟಕಿಗಳಲ್ಲಿ ಕೂತವರ ಹೆಗಲು ನೋಡಿ ನೋಡಿಯೇ ತನಗೆ ಕಣ್ಣಳತೆ ಬಂತು ಎನ್ನುತ್ತಾಳೆ. ಮದುವೆಗೆ ಮೊದಲು ಮದ್ದೂರಿನ ಅಕ್ರಂ ಪಾಷಾ ಅವರ ಟೈಲರ್ ಅಂಗಡಿಯಲ್ಲಿ ಮೂರು ವರ್ಷ ಕಾಜಾ ಹಾಕಿದ್ದಳು. ಪಾಷಾ ಅವಳಿಗೆ ಎರಡು ಮಾತು ಕಲಿಸಿದ್ದರು. ಬಟ್ಟೆಯ ಟೇಪು ಎಳೆದೆಳೆದು ಹಿಗ್ಗುತ್ತದೆ, ಆದ್ದರಿಂದ ವರ್ಷಕ್ಕೊಂದು ಹೊಸ ಟೇಪು ಕೊಳ್ಳಬೇಕು. ಗಿರಾಕಿಯ ಅಳತೆಯನ್ನು ನಾಲ್ಕು ಜನರ ಮುಂದೆ ಹೇಳಬಾರದು. ಮೊದಲನೆಯದನ್ನು ಮಾಯಮ್ಮ ಇಂದಿಗೂ ಪಾಲಿಸುತ್ತಾಳೆ.

ಎರಡನೆಯದರ ಬಗ್ಗೆ ನಾನೇ ಸಾಕ್ಷಿ. ಕಾಲೇಜು ಸೇರಿದ ವರ್ಷ ಚೂಡಿದಾರ ಹೊಲಿಸಲು ಹೋದಾಗ ನಾನಿನ್ನೂ ಗೇಟಿನ ಹತ್ತಿರವಿದ್ದೆ. “ಬತ್ತಾ ಬತ್ತಾ ಒಂದಿಂಚು ಇಳ್ದೋಗಿದೀಯ ಕಣಮ್ಮ, ಆಸ್ಟಲ್ ಊಟಾನಾ” ಎಂದು ಅವಳು ಜಗಲಿಯಿಂದಲೇ ಕೇಳಿದ್ದು ಪಕ್ಕದ ಮನೆಯ ಮಹಡಿಗೂ ಕೇಳಿಸಿತು.

ಆ ಜಗಲಿಯ ಮೇಲೆಯೇ ಅವಳ ಕಾಲ್ತುಳಿ ಮಿಷನ್ನು ಇದೆ. ಒಳಗೆ ಇಡುವಂತಿಲ್ಲ. ಅಜ್ಜಿಯ ಕಾಲದ ಮನೆ, ಗೋಡೆ ದಪ್ಪ, ಕಿಟಕಿ ಅಂಗೈಯಷ್ಟು. ಒಳಗೆ ಬಲ್ಬು ಹಾಕಿದರೂ ಸೂಜಿಯ ಕಣ್ಣು ಅವಳ ಕಣ್ಣಿಗೆ ಸಿಗುವುದಿಲ್ಲ. ಪೂರ್ವಕ್ಕೆ ಮುಖ ಮಾಡಿದ ಜಗಲಿಯಲ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬೆಳಕು ಸುಮ್ಮನೆ ಬಂದು ಅವಳ ಪಕ್ಕ ಕೂತಿರುತ್ತದೆ. ಜಗಲಿ ಹೋದರೆ ಕೆಲಸ ಹೋಯಿತು, ಅಷ್ಟೇ ಲೆಕ್ಕ.

ಈ ವರ್ಷ ಬಂದ ತೆರಿಗೆ ಚೀಟಿಯಲ್ಲಿ ಮಾಯಮ್ಮನ ಮನೆಯ ಮುಂದೆ ‘ತಾರಸಿ, ಹೊಸ ಕಟ್ಟಡ’ ಎಂದಿತ್ತು. ಯಾರೋ ಕಂಪ್ಯೂಟರಿನಲ್ಲಿ ಒಂದು ಸಾಲು ಕೆಳಗೆ ಒತ್ತಿದ್ದರು. ತಾರಸಿಗೆ ಒಂದು ದರ, ಹಂಚಿಗೆ ಅದಕ್ಕಿಂತ ಕಡಿಮೆ. ಹಳೆಯ ಮನೆಯಾದರೆ ಸವಕಳಿ ಎಂದು ಇನ್ನಷ್ಟು ಕಡಿಮೆ. ಪಕ್ಕದ ಮೂರಂತಸ್ತಿನ ಒಂದು ಮಹಡಿಗೆ ಬರುವಷ್ಟು ತೆರಿಗೆ ಅವಳ ಒಂಟಿ ಮನೆಗೆ ಬಂದಿತ್ತು. ಅವಳು ಚೀಟಿಯನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು, ನಗರಸಭೆ ಆಫೀಸಿನ ಮುಂದೆ ಹೊಂಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಕೆಂಪರಾಜುವಿನ ಹತ್ತಿರ ಹೋದಳು.

ಕೆಂಪರಾಜುವಿಗೆ ಒಂದು ಹೆಮ್ಮೆಯಿದೆ. ಜನ ಬಾಯಲ್ಲಿ ಹೇಳಿದ್ದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆಯುತ್ತಾನೆ. ಅಕ್ಷರ ಮುತ್ತಿನಂತೆ. ಚುಕ್ಕಿ, ಅಲ್ಪವಿರಾಮಗಳನ್ನು ಮಾತ್ರ ಅವನು ಖರ್ಚು ಮಾಡುವುದಿಲ್ಲ. ಮಾಯಮ್ಮ ಹೇಳಿದಳು, ಅವನು ಬರೆದ: ‘ನಮ್ದು ತಾರಸಿ ಮನೆ ಅಲ್ಲ ಅಳೆ ಅಂಚಿನ ಮನೆ ದಯಮಾಡಿ ಬಂದು ನೋಡಿ ಸರಿ ಮಾಡ್ಬೇಕು.’ ಅವಳು ಹೆಬ್ಬೆಟ್ಟಿನವಳಲ್ಲ, ಓದಿ ನೋಡಿಯೇ ಸಹಿ ಹಾಕಿದಳು.

ಮೂರನೆಯ ದಿನ ಕೆಂಪರಾಜು ಸೈಕಲ್ಲು ತುಳಿದುಕೊಂಡು ಜಗಲಿಗೇ ಬಂದ.

“ಮಾಯಕ್ಕ, ಒಸಾ ಬಿಲ್ ಕಲೆಕ್ಟರ್ ಟೇಪ್ ತಕ್ಕಂಡು ನಿಮ್ಮನೆ ಅಳ್ಯಕ್ಕೆ ಬತ್ತಾವ್ರೆ. ಅತ್ತ್ ಗಂಟೆಗೆ. ನೀನೇ ಅಳೀರಿ ಅಂತ ಕೇಳ್ಕಂಡಿದೀಯಂತೆ.”

“ನಾನ್ಯಾಕ್ಲಾ ಕೇಳ್ಲಿ? ನಂಗೇನು ಉಚ್ಚಾ?”

“ಆಫೀಸ್ನಲ್ಲೆಲ್ಲಾ ಅದೇ ಮಾತು. ಕರ್ದು ಅಳಿಸ್ಕತಾ ಇರೋ ಮೊದಲ್ನೇ ಎಂಗ್ಸು ಅಂತ.”

“ನೀನೇನ್ ಬರ್ದೆ ತಗಿ.”

ಅವನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಅರ್ಜಿಯ ಪಟ ತೋರಿಸಿದ. ಇಬ್ಬರೂ ತಲೆ ಸೇರಿಸಿ ಗಟ್ಟಿಯಾಗಿ ಓದಿದರು. ಅಳೆ ಅಂಚಿನ ಮನೆ. ಮತ್ತೊಮ್ಮೆ ಓದಿದರು.

“ಸರಿಯಾಗೇ ಅದಲ್ಲ” ಎಂದಳು ಮಾಯಮ್ಮ.

“ನಾನ್ ಯಾವತ್ತಾದ್ರೂ ತಪ್ ಬರ್ದಿದ್ದೀನಾ” ಎಂದ ಕೆಂಪರಾಜು.

ಹಳೆ ಎಂಬುದು ಅಳೆ ಎಂದಾಗಿದೆ ಎಂದು, ಅದನ್ನು ಬೇರೆ ಊರಿನವರು ಓದಿದರೆ ‘ಅಳತೆ ಮಾಡು’ ಎಂದು ಕೇಳಿಸುತ್ತದೆ ಎಂದು, ಹಂಚಿನ ಮನೆ ಅಂಚಿಗೆ ಸರಿದುಹೋಗಿದೆ ಎಂದು ಆ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ. ಅವರ ಕಿವಿಗೆ ಅದು ಸರಿಯಾಗಿತ್ತು.

ಅಳತೆಯ ಬಗ್ಗೆ ಮಾಯಮ್ಮನಿಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ಅಳೆಯಲು ಬಂದವರ ಕಣ್ಣಿಗೆ ಮಿಷನ್ನು ಬೀಳುವುದರ ಬಗ್ಗೆ. ವಾಸದ ಮನೆಗೊಂದು ದರ, ಅಂಗಡಿಗೆ ಅದರ ಎರಡು ಪಟ್ಟಿಗೂ ಮೇಲೆ. ಜಗಲಿಯನ್ನು ಅಂಗಡಿ ಎಂದು ಬರೆದುಕೊಂಡರೆ ತೆರಿಗೆಯ ಜೊತೆಗೆ ಲೈಸೆನ್ಸು, ಬೇರೆ ಮೀಟರು. ಎರಡು ಬೀದಿಯಾಚೆ ರಂಜಿತಾಳ ಬ್ಯೂಟಿ ಪಾರ್ಲರಿಗೆ ಹಾಗೇ ಆಗಿ, ಅವಳು ಕನ್ನಡಿ ಕುರ್ಚಿಗಳನ್ನೆಲ್ಲ ಒಳಕೋಣೆಗೆ ಸಾಗಿಸಿದ್ದಳು. ಕನ್ನಡಿಗೆ ಒಳಕೋಣೆ ನಡೆಯುತ್ತದೆ. ಸೂಜಿಗೆ ನಡೆಯುವುದಿಲ್ಲ.

ಗಂಟೆ ಒಂಬತ್ತೂವರೆ. ಮಾಯಮ್ಮ ಮಿಷನ್ನಿನ ಮೇಲೆ ಹೂವಿನ ಚಿತ್ತಾರದ ಬೆಡ್‌ಶೀಟು ಹೊದಿಸಿ, ಅದರ ಮೇಲೆ ನೀರಿನ ಬಿಂದಿಗೆ ಇಟ್ಟಳು. ‘ಮಾಯಾ ಲೇಡೀಸ್ ಟೈಲರ್’ ಎಂಬ ಹಲಗೆಯನ್ನು ಗೋಡೆಯಿಂದ ಕಳಚಿ ಬೋರಲು ಹಾಕಿ, ಕೂರುವ ಮಣೆ ಮಾಡಿದಳು. ಕತ್ತರಿ, ಸೀಮೆಸುಣ್ಣ, ಅರ್ಧ ಹೊಲಿದ ರವಿಕೆಗಳು ಒಳಗೆ ಹೋದವು. ಕತ್ತಿನಲ್ಲಿ ಸದಾ ಇರುವ ಟೇಪನ್ನು ತೆಗೆದು ಎಲ್ಲಿಡುವುದೆಂದು ತಿಳಿಯದೆ ಗಂಡನ ಕೈಗೆ ಕೊಟ್ಟಳು.

ಗಂಡ ದೇವರಾಜು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ವಾರ ಎರಡನೇ ಪಾಳಿ, ಹಾಗಾಗಿ ಬೆಳಿಗ್ಗೆ ಮನೆಯಲ್ಲಿದ್ದ.

“ಜಗ್ಲಿ ಮೇಲೆ ಮಲ್ಕೊ” ಎಂದಳು.

“ಈಗ್ತಾನೆ ಎದ್ದಿದೀನಿ ಕಣೆ.”

“ವಾಸದ ಮನೆ ಅನ್ನಕ್ಕೆ ಯಾರಾರ ವಾಸ ಮಾಡ್ತಾ ಇರ್ಬೇಕು. ನಾನು ಓಡಾಡ್ಬೇಕು. ನೀನು ವಾಸ ಮಾಡು.”

ಮೂವತ್ತು ವರ್ಷದ ಸಂಸಾರದಲ್ಲಿ ದೇವರಾಜು ಕಲಿತ ವಿದ್ಯೆಯೆಂದರೆ ಯಾವ ಪ್ರಶ್ನೆ ಕೇಳಬಾರದು ಎಂಬುದು. ಟೇಪನ್ನು ಮುಷ್ಟಿಯಲ್ಲಿ ಹಿಡಿದು, ಕಂಬಳಿ ಹೊದ್ದು, ಗೋಡೆಗೆ ಮುಖ ಮಾಡಿ ಮಲಗಿದ.

ಹೊಸ ಬಿಲ್ ಕಲೆಕ್ಟರು ಗದಗದ ಕಡೆಯವರು, ವರ್ಗವಾಗಿ ಬಂದು ಎರಡು ತಿಂಗಳು. ಹಸುವಿಗೂ ‘ಸರೀರಿ’ ಎನ್ನುವ ಅವರ ಮರ್ಯಾದೆಗೆ ಬೆರಗಾಗಿ ಬೀದಿಯವರು ‘ರೀ ಸಾಯೇಬ್ರು’ ಎಂದು ಹೆಸರಿಟ್ಟಿದ್ದರು. ಹತ್ತಕ್ಕೆ ಸರಿಯಾಗಿ ಬಂದು, ಚಪ್ಪಲಿ ಬಿಟ್ಟು, ಎರಡು ಕೈ ಮುಗಿದರು.

“ನಮಸ್ಕಾರ್ರೀ ಯಮ್ಮಾ. ಹನ್ನೆರಡ ವರ್ಷ ಆತು ನೌಕರಿಗಿ ಸೇರಿ. ನಮ್ಮನಿ ಅಳೀರಿ ಅಂತ ಅರ್ಜಿ ಕೊಟ್ಟವ್ರು ನೀವಽ ಮೊದಲಿಗ್ರು. ನಾಕ ಮಂದಿ ಹಿಂಗಿದ್ರ ಸಾಕ್ರೀ.”

ಅವರು ಗೌರವದಿಂದ ಅರ್ಜಿಯನ್ನು ಬಿಡಿಸಿ ಬೆರಳಿಟ್ಟು ಓದಿದರು. ತಾರಸಿ ಮನೆ ಅಲ್ಲ ಎಂಬಲ್ಲಿ ನಿಂತರು. ‘ಅಳೆ’ ಎಂಬಲ್ಲಿ ನಿಂತರು. ‘ಅಂಚಿನ ಮನೆ’ ಎಂದು ಓದಿ ತಲೆಯೆತ್ತಿ ಬೀದಿಯ ಎರಡೂ ತುದಿ ನೋಡಿದರು.

“ಖರೆ ಅಂದ್ರ ನಾ ಅಂಚಿನ್ಯಾಗ ಹುಡುಕಾಡಿ ಬಂದೆ. ಈ ಮನಿ ನಡೂ ಓಣ್ಯಾಗ ಐತಿ.”

ಮಾಯಮ್ಮ ಬೆರಳನ್ನು ಮೇಲಕ್ಕೆ ಮಾಡಿ ತೋರಿಸಿದಳು. “ಅಂಚು ಮೇಲ್ಗಡೆ ಅದೆ ಕಣಪ್ಪ.”

ಸಾಹೇಬರು ಮೇಲೆ ನೋಡಿದರು. ಹೊಗೆ ಹಿಡಿದ ಹಂಚುಗಳು, ಒಂದು ಕಡೆ ಬೆಕ್ಕು. ಅವರ ಮುಖದಲ್ಲಿ ಅರ್ಥ ನಿಧಾನವಾಗಿ ಬೆಳಗಿತು.

“ಹಂಚಽ? ಹಂಗಾರ ಈ ಅಳೆ?”

“ಅಳೆ ಅಂದ್ರೆ ಅಳೇದು. ನಮ್ಮತ್ತೆಯ ಅತ್ತೆ ಕಟ್ಸಿದ್ದು.”

“‘ಹ’ ಎಲ್ಲಿ ಹೋತ್ರೀ?”

“ನಾವು ಅದ್ನ ಮಡಿಕ್ಕಂಡೇ ಇಲ್ಲ” ಎಂದಳು ಮಾಯಮ್ಮ. “ಅದುಕ್ಕೂ ಕಂದಾಯ ಅದಾ?”

ಸಾಹೇಬರು ನಕ್ಕುಬಿಟ್ಟರು. ಆದರೆ ಬಂದದ್ದು ಬಂದಾಗಿತ್ತು, ಟೇಪು ಕೈಯಲ್ಲಿತ್ತು. ಹೇಗೂ ಅಳೆದೇ ಹೋಗುತ್ತೇನೆ ಎಂದರು. ಬೋರಲು ಹಾಕಿದ ಹಲಗೆಯ ಮೇಲೆ ಕೂತು ಒಂದು ಲೋಟ ನೀರು ಕುಡಿದು, ಕಂಬಳಿಯ ಕಡೆ ಕಣ್ಣು ಹಾಯಿಸಿದರು.

“ಇವ್ರು?”

“ನಮ್ಮ ಯಜಮಾನ್ರು. ವಾಸ ಮಾಡ್ತಾವ್ರೆ.”

“ಅದು?” ಬಿಂದಿಗೆಯ ಕೆಳಗಿನ ಹೂವಿನ ಬೆಡ್‌ಶೀಟು.

“ಟೇಬ್ಲು.”

ಬೆಡ್‌ಶೀಟು ನೆಲಕ್ಕೆ ಒಂದು ಗೇಣು ಸಾಲದೆ ಬಂದಿತ್ತು. ಅದರ ಕೆಳಗೆ ಕಬ್ಬಿಣದ ಕಾಲ್ತುಳಿ ತಣ್ಣಗೆ ಕೂತಿತ್ತು. ಸಾಹೇಬರು ಅದನ್ನು ನೋಡಿದರೋ ಇಲ್ಲವೋ, ಎದ್ದು ಟೇಪು ಬಿಚ್ಚಿದರು.

ಅಷ್ಟರಲ್ಲಿ ಕೊನೆಮನೆಯ ಸುಲ್ತಾನ್ ಬೀ ಬಂದಳು. ನಾಳೆ ಕೊತ್ತತ್ತಿಯಲ್ಲಿ ಮದುವೆ, ರವಿಕೆ ಇಂದೇ ಬೇಕು. ಮೆಟ್ಟಿಲ ಬಳಿಯೇ ಬಾಯಿ ತೆರೆದವಳು ಬಿಂದಿಗೆ ನೋಡಿದಳು, ಮಲಗಿದ ದೇವರಾಜುವನ್ನು ನೋಡಿದಳು, ಟೇಪು ಹಿಡಿದ ಸಾಹೇಬರನ್ನು ನೋಡಿದಳು. ರವಿಕೆ ಎಂಬ ಮಾತು ಅವಳ ಬಾಯಲ್ಲೇ ಮಡಚಿಕೊಂಡಿತು.

“ನನ್ನ ತಂಗಿ” ಎಂದಳು ಮಾಯಮ್ಮ, ಯಾರೂ ಕೇಳುವ ಮೊದಲೇ. “ನೋಡ್ಕಂಡೋಗಕ್ಕೆ ಬಂದವ್ಳೆ.”

“ಊಂ, ಅಕ್ಕ ಎಂಗವ್ಳೋ ಏನೋ ಅಂತ” ಎಂದು ಸುಲ್ತಾನ್ ಬೀ ಸೆರಗು ಸರಿಮಾಡಿಕೊಂಡು ಜಗಲಿಯ ತುದಿಯಲ್ಲಿ ಕೂತಳು. “ನಿದ್ದೆಗಿದ್ದೆ ಬತ್ತದಾ ಅಕ್ಕ?”

“ಎಲ್ಲಾ ನಮ್ಮೆಜಮಾನ್ರಿಗೇ ಬತ್ತದೆ.”

ಟೇಪಿನ ಒಂದು ತುದಿಯನ್ನು ಸಾಹೇಬರು ಮಾಯಮ್ಮನ ಕೈಗೆ ಕೊಟ್ಟು ಜಗಲಿಯ ಆ ಕೊನೆಗೆ ನಡೆದರು. “ಅಗಲ ಇಪ್ಪತ್ತೊಂದೂವರಿ” ಎಂದು ಕೂಗಿ ಬರೆದುಕೊಂಡರು. ಮಾಯಮ್ಮನ ತುಟಿ ಸುಮ್ಮನೆ ‘ಇಪ್ಪತ್ತೊಂದು’ ಎಂದಿತು, ದನಿ ಹೊರಡಲಿಲ್ಲ. ಮನೆಯೊಳಗೆ ಹಾದು ಹಿತ್ತಿಲ ಬಾಗಿಲವರೆಗೆ ಹಿಡಿದರು. “ಉದ್ದ ಮೂವತ್ತೆರಡೂವರಿ.” ಅವಳ ಪ್ರಕಾರ ಮೂವತ್ತೆರಡು. ಗೋಡೆಯಿಂದ ಗೋಡೆಗೆ ಮೂವತ್ತು ವರ್ಷ ಕಸ ಗುಡಿಸಿದ ಕೈ ಅದು.

ಅವಳು ತನ್ನ ಕೈಯಲ್ಲಿದ್ದ ತುದಿಯನ್ನು ನೋಡಿದಳು. ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಎಂಬ ಅಂಕಿ ಇರಬೇಕಿತ್ತು. ಇದ್ದದ್ದು ಏಳು. ಹಳೆಯ ಟೇಪಿನ ಮೊದಲ ಆರಿಂಚು ಎಂದೋ ಹರಿದುಹೋಗಿತ್ತು, ಯಾರೋ ಪುಣ್ಯಾತ್ಮರು ಬಿಲ್ಲೆಯನ್ನು ಹರಿದಲ್ಲಿಗೇ ತಂದು ಹೊಲಿದಿದ್ದರು. ಹೊಲಿಗೆ ಬಹಳ ಕೆಟ್ಟದಾಗಿತ್ತು. ದಾರ ಕಪ್ಪು, ಗಂಟು ಮೇಲೆ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಆರಿಂಚು ಹೋದ ದುಃಖಕ್ಕಿಂತ ಆ ಹೊಲಿಗೆಯನ್ನು ನೋಡಿದ ದುಃಖವೇ ಅವಳ ಮುಖದಲ್ಲಿ ಹೆಚ್ಚಾಗಿತ್ತು.

ಆದರೂ ಸುಮ್ಮನಿದ್ದಳು. ಅರ್ಧ ಅಡಿ ಹೋದರೆ ಹೋಗಲಿ. ಟೇಪು ತಪ್ಪು ಎಂದು ಬಾಯಿಬಿಟ್ಟರೆ, ಸರಿಯಾದ ಟೇಪು ಎಲ್ಲಿದೆ ಎಂದು ಕೇಳುತ್ತಾರೆ. ಸರಿಯಾದ ಟೇಪು ಗಂಡನ ಮುಷ್ಟಿಯಲ್ಲಿತ್ತು. ಅದು ಹೊರಬಂದರೆ ಅದರ ಹಿಂದೆಯೇ ಕತ್ತರಿ, ಮಿಷನ್ನು, ಹಲಗೆ ಎಲ್ಲ ಮೆರವಣಿಗೆ ಬರುತ್ತವೆ. ಜಗಲಿ ಅಂಗಡಿಯಾಗುತ್ತದೆ.

ಹಾಗೇ ಮುಗಿದುಹೋಗುತ್ತಿತ್ತೇನೋ. ಆದರೆ ಸುಲ್ತಾನ್ ಬೀ ಸುಮ್ಮನೆ ಕೂತವಳು ಸುಮ್ಮನೆ ಹೇಳಿದಳು: “ಓದ್ ವಾರ ನಮ್ಮನೇನೂ ಇವ್ರೇ ಅಳೆದಿದ್ದು ಅಕ್ಕ. ಇಪ್ಪತ್ತೆರಡು ಬರ್ಕಂಡವ್ರೆ. ನನ್ ಮಗ ಅತೀಕ್ ಇಪ್ಪತ್ತೊಂದೂವರೆ ಅಂತಾನೆ. ಅವ್ನಿಗೇನ್ ಗೊತ್ತು ಅಂತ ನಾನೇ ಬಯ್ದೆ.”

“ಎಷ್ಟ್ ಮನೆ ಅಳೆದವ್ರೆ?”

“ನಮ್ ಸಾಲು ನಾಕು ಮನೆ.”

ಮಾಯಮ್ಮ ಒಂದು ಕ್ಷಣ ಬೀದಿಯ ಕಡೆ ನೋಡುತ್ತ ನಿಂತಳು. ಆಮೇಲೆ ಟೇಪಿನ ತುದಿಯನ್ನು ನೆಲಕ್ಕೆ ಬಿಟ್ಟು, ನೇರವಾಗಿ ಗಂಡನ ಹತ್ತಿರ ಹೋಗಿ ಕಂಬಳಿಯೊಳಗೆ ಕೈ ಹಾಕಿದಳು. ದೇವರಾಜು ನಿಜಕ್ಕೂ ನಿದ್ದೆ ಹೋಗಿದ್ದ. ಕೊಟ್ಟದ್ದನ್ನು ಜೋಪಾನ ಮಾಡುವ ಮನುಷ್ಯ, ಮುಷ್ಟಿ ಬಿಡಲಿಲ್ಲ. ಅವಳು ಒಂದೊಂದೇ ಬೆರಳು ಬಿಡಿಸಿ ಟೇಪು ಎಳೆದಳು.

“ಸಾಯೇಬ್ರೆ, ಇದ್ರಲ್ಲಿ ಅಳೀರಿ. ನಿಮ್ ಟೇಪ್ನಲ್ಲಿ ಆರಿಂಚು ಇಲ್ಲ.”

“ಅದು ಸರಕಾರಿ ಟೇಪ್ ರೀ.”

“ಯಾರ್ದಾದ್ರೂ ಆಗ್ಲಿ, ಏಳರಿಂದ ಎಣಿಸ್ತಾ ಅದೆ. ನಿಮ್ಮ ಅಂಗಿ ಎಡತೋಳೂ ಅಷ್ಟೇ, ಮುಕ್ಕಾಲಿಂಚು ಉದ್ದ ಒಲ್ದವ್ರೆ, ಬಂದಾಗ್ಲಿಂದ ನೋಡ್ತಾವ್ನಿ. ಅದ್ನ ಯಾರೂ ಯೋಳಿಲ್ವಾ?”

ಸಾಹೇಬರು ಎರಡು ಟೇಪನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು. ಹಿತ್ತಾಳೆ ಬಿಲ್ಲೆಯನ್ನು ಉಗುರಿನಿಂದ ಕೆರೆದು ನೋಡಿದರು. ತಮ್ಮ ಎರಡೂ ತೋಳು ಚಾಚಿ ಅವನ್ನೂ ನೋಡಿದರು. ಆಮೇಲೆ ಹಲಗೆಯ ಮೇಲೆ ಕೂತರು. ಎದುರು ಗದ್ದೆಯಲ್ಲಿ ಕೊಕ್ಕರೆಯೊಂದು ಒಂದು ಹೆಜ್ಜೆ ಇಟ್ಟು, ಎರಡನೆಯದನ್ನು ಇಡಲೋ ಬೇಡವೋ ಎಂದು ಯೋಚಿಸುತ್ತಿತ್ತು.

“ನಾಕ ಮನಿ ಮತ್ತ ಅಳೀಬೇಕಾತು” ಎಂದರು ಕೊನೆಗೆ. “ಯಮ್ಮಾ, ಟೇಬಲ್ಲಿಗಿ ಪೆಡಲ್ ಇರೂದು ನಾ ಬಂದ ಕೂಡ್ಲೆ ನೋಡಿದ್ನಿ. ಹೊಲಿಗಿ ಮಾಡ್ತೀರಿ?”

“ಒಲಿತೀನಿ.”

“ದುಡ್ಡಿಗಿ?”

“ದುಡ್ಡು ಕೊಟ್ರೆ ದುಡ್ಡಿಗೆ.” ಅವಳು ಸುಲ್ತಾನ್ ಬೀ ಕಡೆ ನೋಡಿದಳು. ಸುಲ್ತಾನ್ ಬೀ ಹಂಚಿನ ಮೇಲಿನ ಬೆಕ್ಕನ್ನು ನೋಡಿದಳು.

ಸಾಹೇಬರು ಚೀಲದಿಂದ ಘೋಷಣೆಯ ಫಾರಂ ತೆಗೆದರು. ವಾಸಕ್ಕೆ ಎಷ್ಟು ಚದರಡಿ, ವ್ಯಾಪಾರಕ್ಕೆ ಎಷ್ಟು ಚದರಡಿ, ಎರಡು ಕಾಲಂ. ತುಂಬಬೇಕಾದವರು ಮಾಲೀಕರೇ, ನಾನು ಬರೆಯುವಂತಿಲ್ಲ, ನೋಡಿ ಒಪ್ಪಬಹುದು ಅಷ್ಟೇ ಎಂದರು. ಜಗಲಿ ಇಪ್ಪತ್ತೊಂದು ಅಡಿಗೆ ಐದು, ಅಂದರೆ ನೂರೈದು. ಅವರು ಪೆನ್ನು ಕೊಟ್ಟು ಕಾದರು.

ಮಾಯಮ್ಮ ಬರೆಯಲಿಲ್ಲ. ಬಿಂದಿಗೆ ಇಳಿಸಿ ಬೆಡ್‌ಶೀಟು ತೆಗೆದಳು. ಮಿಷನ್ನಿನ ಹಲಗೆಗೆ ಟೇಪು ಹಿಡಿದಳು. ಮೂರಡಿ ಉದ್ದ, ಒಂದೂವರೆ ಅಗಲ.

“ನಾಕೂವರೆ. ಇಷ್ಟು ಅಂಗ್ಡಿ” ಎಂದಳು. “ಮಿಕ್ಕಿದ್ದು ಮನೆ.”

“ಹಂಗ ಹೆಂಗ್ರೀ. ನೀವು ಕುಂದ್ರೋ ಜಾಗಾನೂ ಅಂಗಡೀನಽ.”

“ಕೂರೋಳು ನಾನು. ನಾನೀ ಮನೇಲಿ ವಾಸ್ವಾಗಿರೋಳು. ನನ್ನೂ ಅಂಗ್ಡಿ ಅಂತ ಬರ್ಕತೀರಾ?”

“ಗಿರಾಕಿ ಕುಂದ್ರೋ ಜಾಗ?”

“ಅಗಾ ಕೂತವ್ಳಲ್ಲ, ಅವ್ಳು ಗಿರಾಕಿ ಅಲ್ಲ, ತಂಗಿ. ನೆಂಟ್ರು ಕೂತ್ರೆ ಮನೆ.”

“ಅಲ್ಲಾನಾಣೆ” ಎಂದಳು ಸುಲ್ತಾನ್ ಬೀ, ಬೆಕ್ಕಿನಿಂದ ಕಣ್ಣು ತೆಗೆಯದೆ.

“ಆ ಕಂಬಳ್ಯಾಗಿನವ್ರು?”

“ಅವ್ನು ಯಾವ್ ಅಂಗ್ಡಿಗೂ ಬೇಕಾಗಿಲ್ಲ.”

ಸಾಹೇಬರು ಗಲ್ಲ ತುರಿಸಿಕೊಂಡರು. ಬಿಡುವ ಮನುಷ್ಯರಲ್ಲ. ಬಗ್ಗಿ ಕಾಲ್ತುಳಿ ತೋರಿಸಿದರು. “ಪೆಡಲ್ ತುಳಿಯೋ ಕಾಲು? ಅದು ದುಡ್ಯಾಕತ್ತೈತಿ ಅಲ್ರೀ. ಅದು ವಾಸ ಅಲ್ಲ.”

ಈ ಮಾತಿಗೆ ಮಾಯಮ್ಮ ಯೋಚನೆ ಮಾಡಿದಳು. ತನ್ನ ಪಾದಗಳನ್ನು ನೋಡಿಕೊಂಡಳು. ಮೂವತ್ತು ವರ್ಷ ಆ ಕಬ್ಬಿಣದ ಮೇಲೆ ಮೇಲೂ ಕೆಳಗೂ ಆಡಿ, ಎಲ್ಲಿಗೂ ಹೋಗದೆ ಅಷ್ಟು ದೂರ ನಡೆದ ಪಾದಗಳು. ಅವಳಿಗೆ ಅದು ನ್ಯಾಯವೆನಿಸಿತು.

“ಕಾಲು ಬರ್ಕಳಿ” ಎಂದಳು. “ಮಂಡಿಗಂಟ ಮಾತ್ರ.”

ಕಾಲಿಗೆ ಇನ್ನೊಂದೂವರೆ ಅಡಿ ಸೇರಿತು. ಮೂರು ಅಡಿ, ಮೂರು ಅಡಿ. ವ್ಯಾಪಾರ: ಒಂಬತ್ತು ಚದರಡಿ. ಛಾವಣಿ: ಹಂಚು. ಕಟ್ಟಡ: ಹಳೆಯದು. ಈ ಸಲ ‘ಹ’ ಎರಡೂ ಕಡೆ ಇತ್ತು, ಏಕೆಂದರೆ ಸಾಹೇಬರು ಪಕ್ಕದಲ್ಲಿ ಕೂತು ಅಕ್ಷರ ಅಕ್ಷರ ಹೇಳಿ ಬರೆಸಿದರು. ಅಂಗಡಿ ದರದಲ್ಲಿ ಒಂಬತ್ತು ಚದರಡಿಗೆ ಆದದ್ದು ಒಂದು ರವಿಕೆಯ ಹೊಲಿಗೆಗಿಂತ ಕಡಿಮೆ. ಆ ಸರಕಾರಿ ಟೇಪು ಸುಮ್ಮನೆ ಸೇರಿಸಿದ್ದು ಅದರ ಮೂರರಷ್ಟು ಜಾಗವಾಗಿತ್ತು. ಇಷ್ಟು ಚಿಕ್ಕ ಅಂಗಡಿಗೆ ಲೈಸೆನ್ಸು ಬೇಕೇ ಎಂದು ಕೇಳಿದ್ದಕ್ಕೆ ಸಾಹೇಬರು, ಮೇಲಿನವರನ್ನು ಕೇಳಬೇಕು, ಕೇಳಲು ನನಗೆ ಧೈರ್ಯವಿಲ್ಲ ಎಂದರು.

ಮಾಯಮ್ಮ ಹಲಗೆಯನ್ನು ಸಾಹೇಬರ ಕೆಳಗಿಂದ ಎಳೆದು, ಧೂಳು ಒರೆಸಿ, ಮತ್ತೆ ಮೊಳೆಗೆ ತೂಗುಹಾಕಿದಳು. ಸದ್ದಿಗೆ ದೇವರಾಜು ಕಂಬಳಿಯಿಂದ ಮುಖ ಹೊರಗೆ ಹಾಕಿದ.

“ಮುಗೀತಾ? ಎದ್ದೇಳ್ಲಾ?”

“ಮಲ್ಗಿರು. ನಿನ್ನ ಜಾಗಕ್ಕೆ ಕಮ್ಮಿ ರೇಟು.”

“ಅಕ್ಕ, ನನ್ನ ರವಿಕೆ” ಎಂದಳು ಸುಲ್ತಾನ್ ಬೀ, ಈಗ ಧೈರ್ಯವಾಗಿ.

“ಸಂಜೆಗೆ ಕೊಡ್ತೀನಿ. ಮೊದ್ಲು ನಿನ್ ಮನೆ.” ಮಾಯಮ್ಮ ಟೇಪನ್ನು ಕತ್ತಿಗೆ ಹಾಕಿಕೊಂಡು ಜಗಲಿಯಿಂದ ಇಳಿದಳು. ಸಾಹೇಬರು ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಅವಳು ಅರ್ಧ ಬೀದಿ ದಾಟಿದ್ದಳು, ತಿರುಗಿ ನೋಡದೆ ಮಾತಾಡುತ್ತ: “ಬನ್ನಿ ಸಾಯೇಬ್ರೆ, ಇವ್ಳ ಮನೆ ಇಪ್ಪತ್ತೊಂದೂವರೆನೇ, ಪಾಯ ತೆಗೆದ್ ದಿನ ದಾರ ಇಡ್ಕಂಡಿದ್ದೋಳು ನಾನು, ಆ ಮೇಸ್ತ್ರಿಗೆ ಅವತ್ತೇ ಯೋಳ್ದೆ, ಲೇ, ಮೂಲೆ ಸೊಟ್ಟ ಬತ್ತಾ ಅದೆ, ಇದೇನು ನಿಮ್ಮತ್ತೆ ರವಿಕೆ ಅಂದ್ಕಂಡಿದೀಯೇನ್ಲಾ, ಬೇಕಾದಾಗ ಬಿಚ್ಚಿ ಒಲ್ಯಕ್ಕೆ ಅಂತ, ಅದುಕ್ಕವ್ನು…”